ಎಳ್ಳಮಾಸಿಗೆ ಗಾಡಿ ಎತ್ತರಿಸಿದ್ದು

ನಮ್ಮ ಮನೆಯಲ್ಲಿ ಪಿಕಪ್ ಗಾಡಿಗೆ ನನಗಿಂತ ಹೆಚ್ಚು ಮರ್ಯಾದೆ ಇತ್ತು. ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ, ಕಂಡದ್ದನ್ನು ಹೇಳುತ್ತಿದ್ದೇನೆ. ನಾನು ಜ್ವರ ಬಂದು ಮಲಗಿದರೆ ನಮ್ಮವರು, ಅಂದರೆ ನನ್ನ ಗಂಡ ವಿರೂಪಾಕ್ಷ, ಬಾಗಿಲಲ್ಲೇ ನಿಂತು ಗುಳಿಗೆ ತಗೊಂಡೆಯಾ ಎಂದು ಕೇಳಿ ಹೋಗಿಬಿಡುತ್ತಿದ್ದರು. ಗಾಡಿ ಒಂದು ಸಲ ಕೆಮ್ಮಿದರೆ ಸಾಕು, ಬಾನೆಟ್ ಎತ್ತಿ ಅದರ ಮುಂದೆ ಅರ್ಧ ದಿನ ನಿಲ್ಲುತ್ತಿದ್ದರು. ನಿಲ್ಲುತ್ತಿದ್ದರು ಅಷ್ಟೇ. ಒಳಗೆ ಯಾವುದು ಏನು ಎಂಬುದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನನ್ನ ತವರು ರಾಮದುರ್ಗ, ನಮ್ಮಪ್ಪನದು ಅಲ್ಲಿ ಗ್ಯಾರೇಜು. ಓರಗೆಯ ಹುಡುಗಿಯರು ರಂಗೋಲಿ ಕಲಿಯುವಾಗ ನಾನು ನಟ್ಟು ಬಿಚ್ಚುವ ಪಾನಾಗಳ ನಂಬರು ಕಲಿತವಳು. ಮದುವೆಯಾಗಿ ಸಂಗೊಳ್ಳಿಗೆ ಬಂದ ಮೇಲೆ, ಸೊಸೆಯಾದವಳು ಗಾಡಿಯ ಕೆಳಗೆ ಮಲಗುವುದು ಚಂದ ಕಾಣುವುದಿಲ್ಲ ಎಂದು ಎಲ್ಲರೂ ತೀರ್ಮಾನಿಸಿದರು. ಹಾಗಾಗಿ ನಾನು ಅಡುಗೆಮನೆಯ ಕಿಟಕಿಯಿಂದಲೇ ಬುದ್ಧಿ ಹೇಳುತ್ತಿದ್ದೆ, ಅವರು ಕೇಳದವರಂತೆ ನಿಂತು ಅದನ್ನೇ ಮಾಡುತ್ತಿದ್ದರು.

ಗಾಡಿ ಕೊಂಡದ್ದು ನಮ್ಮ ಮಾವ ಅಂದಾನೆಪ್ಪ. ಅವರು ಹೋದ ಮೇಲೆ ನಮ್ಮವರ ಕೈಗೆ ಬಂತು. ಹತ್ತಿ, ಗೋವಿನಜೋಳ, ಉಳ್ಳಾಗಡ್ಡಿ ಏನೇ ಬೆಳೆದರೂ ಅದರಲ್ಲೇ ಬೈಲಹೊಂಗಲದ ಮಾರ್ಕೆಟ್ಟಿಗೆ ಹೋಗಬೇಕು. ಉಳಿದ ದಿನಗಳಲ್ಲಿ ಸವದತ್ತಿ, ಕಿತ್ತೂರು ಎಂದು ಬಾಡಿಗೆ. ನಾನು ಹೇಳುತ್ತಿರುವ ೨೦೦೩ರ ಹೊತ್ತಿಗೆ ಗಾಡಿಗೆ ವಯಸ್ಸಾಗಿತ್ತು. ಅದರ ಕಮಾನುಗಳು, ಅಂದರೆ ಚಕ್ರದ ಮೇಲೆ ಗಾಡಿಯ ಭಾರ ಹೊರುವ ಉಕ್ಕಿನ ಪಟ್ಟಿಗಳ ಕಟ್ಟು, ಬಾಗು ಕಳೆದುಕೊಂಡು ನೆಟ್ಟಗಾಗಿದ್ದವು. ಖಾಲಿ ಗಾಡಿಯೂ ಲೋಡು ತುಂಬಿದಂತೆ ಕುಂಡಿ ಊರಿಕೊಂಡು ಓಡಾಡುತ್ತಿತ್ತು. ಡಾಂಬರು ರಸ್ತೆಯಲ್ಲಿ ಅದರಿಂದ ತೊಂದರೆ ಏನಿರಲಿಲ್ಲ. ತೊಂದರೆ ಇದ್ದದ್ದು ನಮ್ಮ ಹೊಲದ ದಾರಿಯಲ್ಲಿ.

ಹೊಳೆಯ ಕಡೆಗಿರುವ ಆ ಹೊಲಕ್ಕೆ ಎರೆಮಣ್ಣಿನ ದಾರಿ. ಕಬ್ಬಿನ ಟ್ರ್ಯಾಕ್ಟರುಗಳು ಓಡಾಡಿ ಓಡಾಡಿ ಎರಡೂ ಕಡೆ ಚಕ್ರದ ಜಾಡು ಆಳವಾಗಿ, ನಡುವೆ ಉದ್ದಕ್ಕೂ ಮಣ್ಣಿನ ದಿಬ್ಬ ಉಳಿದಿತ್ತು. ಮಳೆಗಾಲ ಮುಗಿದ ಮೇಲೆ ಆ ದಿಬ್ಬ ಒಣಗಿ ಕಲ್ಲಾಗುತ್ತಿತ್ತು. ಎರಡು ವರ್ಷದ ಹಿಂದೆ ಎಳ್ಳಮಾಸಿಯ ದಿನ ಅರ್ಧ ದಾರಿಯಲ್ಲಿ ನಮ್ಮ ಗಾಡಿಯ ಸೈಲೆನ್ಸರ್ ಕಿತ್ತು ಬಿತ್ತು. ಮರುವರ್ಷ ಗಾಡಿಯ ಹೊಟ್ಟೆ ದಿಬ್ಬದ ಮೇಲೆ ಕೂತು, ಹಿಂದಿನ ಚಕ್ರಗಳು ನೆಲ ಸಿಗದೆ ಸುಮ್ಮನೆ ತಿರುಗಿದವು. ಎರಡೂ ಸಲ ಒಳಗೆ ಕುಳಿತಿದ್ದ ನಮ್ಮ ಅತ್ತೆ ಹೊಲ ಕಾಣದೆ ಮನೆಗೆ ವಾಪಸು ಬಂದರು.

ಅತ್ತೆಯ ಹೆಸರು ತಂಗೆವ್ವ. ಮೊಣಕಾಲು ಎರಡೂ ಕೈಕೊಟ್ಟಿದ್ದವು, ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ. ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ನಮ್ಮ ಕಡೆ ಹೊಲದಲ್ಲೇ ನಡೆಯುವ ಹಬ್ಬ. ಬಿಳಿಜೋಳ ಎದೆಯುದ್ದ ನಿಂತಿರುತ್ತದೆ, ಕಡಲೆ ಹಸಿರಾಗಿರುತ್ತದೆ. ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜೆ ಮಾಡಿ, ಹೊತ್ತು ತಂದ ಅಡುಗೆಯನ್ನೆಲ್ಲ ಕಲಸಿ ಬೆಳೆಯ ಸುತ್ತ ಚೆಲ್ಲುತ್ತಾ ಬರುತ್ತಾರೆ. ಅದಕ್ಕೆ ಚರಗ ಎನ್ನುತ್ತೇವೆ. ಬಸುರಿ ಭೂಮಿತಾಯಿಗೆ ಅದು ಬಯಕೆಯೂಟ. ನಮ್ಮ ಮನೆಯಲ್ಲಿ ಮೊದಲ ಮುಷ್ಟಿ ಯಾವಾಗಲೂ ಹಿರಿಯ ಹೆಂಗಸಿನದು, ಆಮೇಲೆ ಗಂಡಸರು. ಅತ್ತೆ ಬರಲಾಗದ ಆ ಎರಡು ವರ್ಷ ಅವರ ಮುಷ್ಟಿಯ ಚರಗ ಸ್ಟೀಲಿನ ಡಬ್ಬಿಯಲ್ಲಿ ಹೊಲಕ್ಕೆ ಹೋಗಿತ್ತು. ಆ ಡಬ್ಬಿಯ ಮೇಲೆ ಅತ್ತೆಗಿದ್ದ ಸಿಟ್ಟು ಅಷ್ಟಿಷ್ಟಲ್ಲ.

ಆ ವರ್ಷ ಅಮಾವಾಸ್ಯೆಗೆ ಇನ್ನೂ ಹತ್ತು ಹದಿನೈದು ದಿನ ಇರುವಾಗ, ಅತ್ತೆ ಊಟಕ್ಕೆ ಕುಳಿತ ಮಗನ ಮುಂದೆ ಬಂದು ನಿಂತರು.

"ಈ ಸಲಾ ನನ್ನ ಚರಗ ನಾನ ಚೆಲ್ಲಾಕಿ. ಡಬ್ಬ್ಯಾಗ ಹಾಕಿ ಕಳಸಾಕ ಅದೇನ್ ಸಾಲಿಗೆ ಹೋಗೋ ಹುಡುಗನ ಬುತ್ತಿಯೇನು?"

ನಮ್ಮವರು ಯಾರದಾದರೂ ಚಕ್ಕಡಿ ಕೇಳಿ ತರುತ್ತೇನೆ ಎಂದರು. ಇನ್ನೊಬ್ಬರ ಎತ್ತಿನ ಹಿಂದೆ ಕುಳಿತು ನಮ್ಮ ಹೊಲಕ್ಕೆ ಹೋಗುವ ಗತಿ ಬಂದಿಲ್ಲ ಎಂದು ಅತ್ತೆ ಹೇಳಿದರು. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಎಂದದ್ದಕ್ಕೆ, ಎಲುಬು ಎಣಿಸಿ ಇಳಿಸಿಕೊಳ್ಳುತ್ತೀಯೇನು ಎಂದು ಕೇಳಿದರು. ಎತ್ತಿಕೊಂಡು ಹೋಗುತ್ತೇನೆ ಎಂದು ಮಗ ಬಾಯಿಬಿಟ್ಟ ಕೂಡಲೇ ಅತ್ತೆಯ ಮುಖ ಕೆಂಪಾಯಿತು. ಹೊರುವ ದಿನ ಬಂದಾಗ ಹೊರುವಿಯಂತೆ, ಅಲ್ಲಿಯತನಕ ಮೈಮುಟ್ಟಬೇಡ ಎಂದುಬಿಟ್ಟರು. ನಮ್ಮವರು ತಲೆ ತಗ್ಗಿಸಿ ರೊಟ್ಟಿ ಮುರಿದರು. ಅಲ್ಲಿಗೆ ನನ್ನ ಬಾಯಿ ಸುಮ್ಮನಿರಲಿಲ್ಲ. ಗಾಡಿಯನ್ನೇ ಎತ್ತರಿಸಿದರಾಯಿತು ಎಂದೆ.

ಮೂರನೇ ದಿನಕ್ಕೆ ನನ್ನ ತಮ್ಮ ಗೌರೀಶ ಸಾಮಾನಿನ ಗೋಣಿಚೀಲ ಹೊತ್ತು ಬಸ್ಸಿಳಿದ. ಅಪ್ಪನ ಗ್ಯಾರೇಜು ಈಗ ನೋಡಿಕೊಳ್ಳುವವನು ಅವನೇ. ಸವದತ್ತಿಯಲ್ಲಿ ಬಸ್ಸು ಬದಲಿಸುವಾಗ ಆ ಚೀಲಕ್ಕೂ ಟಿಕೆಟ್ ತೆಗೆಯಬೇಕೆಂದು ಕಂಡಕ್ಟರು ಜಗಳ ತೆಗೆದನಂತೆ. ಬಂದವನೇ ಗಾಡಿಯ ಕೆಳಗೆ ತೂರಿ, ಒಂದೊಂದನ್ನೇ ಸುತ್ತಿಗೆಯಿಂದ ತಟ್ಟಿ, ಕಿವಿಗೆ ಬಿದ್ದ ಮಣ್ಣು ಕೊಡವುತ್ತಾ ಹೊರಗೆ ಬಂದ. ಪಟ್ಟಿಗಳನ್ನು ಬಿಚ್ಚಿ ಬೈಲಹೊಂಗಲಕ್ಕೆ ಒಯ್ದು ಕಾಯಿಸಿ ಬಡಿಸಿ ಬಾಗು ತರಿಸಬೇಕು, ಒಂದೊಂದು ಪಟ್ಟಿ ಹೆಚ್ಚಿಗೆ ಹಾಕಬೇಕು, ಟೈರು ದೊಡ್ಡವು ಬೇಕು ಎಂದ. ಟೈರು ಯಾಕೆ, ಕಮಾನು ಎತ್ತಿದರೆ ಗಾಡಿ ತಾನೇ ಏರುವುದಿಲ್ಲವೇ ಎಂದು ನಮ್ಮವರು ಶುರುಮಾಡಿದರು. ಕಮಾನು ಎತ್ತಿದರೆ ಏರುವುದು ಗಾಡಿಯ ಹೊಟ್ಟೆ ಮಾತ್ರ, ಚಕ್ರದ ಅಚ್ಚು ಅಲ್ಲೇ ಉಳಿಯುತ್ತದೆ ಎಂದು ಗೌರೀಶ ಎರಡು ಸಲ ಹೇಳಿದ. ಇವರು ಒಪ್ಪಲಿಲ್ಲ. ನಾನು ಕಿಟಕಿ ಬಿಟ್ಟು ಅಂಗಳಕ್ಕೇ ಬಂದೆ.

"ಸೀರಿ ಎತ್ತಿ ಕಟ್ಟಿದ್ರ ಸೀರಿ ಮ್ಯಾಲ ಹೋಗತೈತಿ. ಮೊಣಕಾಲೂ ಮ್ಯಾಲ ಹೋಗತಾವೇನ್ರಿ?"

ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದ ಅತ್ತೆ ಸೆರಗು ಬಾಯಿಗೆ ಹಚ್ಚಿ ನಕ್ಕರು. ನಮ್ಮವರು ಟೈರು ತರುತ್ತೇನೆಂದು ಅಂಗಿ ಹಾಕಿಕೊಂಡು ಹೊರಟರು.

ಜಾಕು ಹಚ್ಚಿ ಗಾಡಿ ಎತ್ತಿ, ಚಾಸಿಯ, ಅಂದರೆ ಗಾಡಿಯ ಅಡಿಚೌಕಟ್ಟಿನ, ಕೆಳಗೆ ಮರದ ದಿಮ್ಮಿಗಳನ್ನು ಕೊಟ್ಟು, ಚಕ್ರ ಬಿಚ್ಚಿ ಗೋಡೆಗೆ ಆನಿಸಿದೆವು. ಆನಿಸಿದೆವು ಎನ್ನುತ್ತೇನೆ, ಯಾಕೆಂದರೆ ಒಬ್ಬನ ಕೈಲಾಗುವ ಕೆಲಸ ಅದಲ್ಲ. ನಮ್ಮವರು ಟೈರು ಹುಡುಕಲು ಹೋದವರು ಎಲ್ಲಿ ಚಹಾ ಕುಡಿಯುತ್ತಾ ಕುಳಿತಿದ್ದರೋ. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ತಮ್ಮನ ಪಕ್ಕ ನೆಲಕ್ಕೆ ಕುಳಿತೆ. ಅತ್ತೆ ಏನಾದರೂ ಅನ್ನುತ್ತಾರೇನೋ ಎಂದು ನೋಡಿದೆ. ಅವರು ಬೇರೆ ಕಡೆ ಮುಖ ಮಾಡಿ ಶೇಂಗಾ ಸುಲಿಯುತ್ತಿದ್ದರು. ಕಾಣಿಸಿದ್ದನ್ನು ಕಾಣದ ಹಾಗೆ ಇರುವುದು ಅವರಿಗೆ ಬೇಕಾದಾಗ ಚೆನ್ನಾಗಿ ಬರುತ್ತಿತ್ತು.

ಮುಂದಿನ ಎರಡು ಕಮಾನು ಸುಲಭವಾಗಿ ಬಂದವು. ಹಿಂದೆ ಬಲಗಡೆಯದು ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ ಕುಡಿದು, ಒಂದಿಷ್ಟು ಕಿರುಗುಟ್ಟಿ ಬಿಟ್ಟುಕೊಟ್ಟಿತು. ಎಡಗಡೆಯದು ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಕಮಾನಿನ ತುದಿಯನ್ನು ಚಾಸಿಗೆ ಹಿಡಿಯುವ ಕೊಂಡಿಯೂ ಅದರ ಬೋಲ್ಟೂ ತುಕ್ಕಿನಲ್ಲಿ ಕೂಡಿ ಒಂದೇ ಮುದ್ದೆಯಾಗಿದ್ದವು. ರಾತ್ರಿಯಿಡೀ ಚಿಮಣಿ ಎಣ್ಣೆಯಲ್ಲಿ ನೆನೆಸಿದೆವು. ಬೆಳಿಗ್ಗೆ ಪಾನಾಕ್ಕೆ ಪೈಪು ಸಿಕ್ಕಿಸಿ ಇಬ್ಬರೂ ಜೋತು ಬಿದ್ದೆವು. ನಟ್ಟಿನ ಮೂಲೆಗಳು ಸವೆದು ದುಂಡಗಾದವು, ನಟ್ಟು ಕದಲಲಿಲ್ಲ. ಬೆಂಕಿ ಹಚ್ಚಿ ಕಾಯಿಸಿ ಬಡಿದರೆ ತುಕ್ಕಿನ ಹಕ್ಕಳೆ ಎದ್ದು ಗೌರೀಶನ ಮೀಸೆಯ ಮೇಲೆ ಉದುರಿತು.

ಅವನಿಗೆ ಆಶ್ಚರ್ಯ ಆದದ್ದು ಬೇರೆ. ಮೂರು ಕಡೆ ಸಾಧಾರಣ ತುಕ್ಕು, ಒಂದೇ ಕಡೆ ಇಷ್ಟು ಯಾಕೆ ಎಂದು ಚಾಣದಿಂದ ಕೆರೆಯತೊಡಗಿದ. ಪಟ್ಟಿ ಮತ್ತು ಕೊಂಡಿಯ ಸಂದಿಯಿಂದ ಕರಿ ಬಟ್ಟೆಯ ಚೂರುಗಳು ಬಂದವು. ಒಂದಲ್ಲ, ಒಂದರ ಮೇಲೊಂದು ಕಟ್ಟಿದ ಗಂಟುಗಳು. ಒಣಮೆಣಸಿನಕಾಯಿಯ ಬೀಜ, ಗಟ್ಟಿಯಾದ ಬಿಳಿ ಹರಳು. ಗೌರೀಶ ಒಂದು ಹರಳನ್ನು ನಾಲಿಗೆಗೆ ತಾಗಿಸಿ ಉಗುಳಿದ.

"ಉಪ್ಪ ಐತಿ ಇದು. ಕಬ್ಬಿಣಕ್ಕ ಉಪ್ಪ ಕಟ್ಟ್ಯಾರಲ್ಲ, ಯಾವ ಶಾಣ್ಯಾನ ಕೆಲಸಾ ಅಕ್ಕಾ ಇದು?"

ಕಟ್ಟೆಯ ಮೇಲೆ ಶೇಂಗಾ ಸುಲಿಯುವ ಸದ್ದು ನಿಂತಿತು.

"ನಂದ," ಎಂದರು ಅತ್ತೆ.

ನಮ್ಮವರು ಕೆಲವು ವರ್ಷದ ಹಿಂದೆ ಸವದತ್ತಿ ದಾರಿಯ ಇಳಿಜಾರಿನಲ್ಲಿ ಲಾರಿಗೆ ಸವರಿಕೊಂಡು, ಒಡೆದ ಕನ್ನಡಿಯೊಂದಿಗೆ ಮನೆಗೆ ಬಂದಿದ್ದರು. ಅದಾದ ಮೇಲಿನ ಅಮಾವಾಸ್ಯೆಯಿಂದ ಅತ್ತೆ ಪ್ರತಿ ಅಮಾವಾಸ್ಯೆಗೂ ಕರಿ ಬಟ್ಟೆಯಲ್ಲಿ ಉಪ್ಪು, ಮೆಣಸಿನಕಾಯಿ ಕಟ್ಟಿ ಗಾಡಿಗೆ ದೃಷ್ಟಿ ತೆಗೆದು, ಯಾರ ಕಣ್ಣಿಗೂ ಬೀಳದಿರಲೆಂದು ಆ ಸಂದಿಯಲ್ಲಿ ತುರುಕುತ್ತಿದ್ದರಂತೆ. ಗಾಡಿ ಯಾವಾಗಲೂ ನಿಲ್ಲುತ್ತಿದ್ದದ್ದು ಕಟ್ಟೆಯ ಮೆಟ್ಟಿಲ ಪಕ್ಕ. ಮೆಟ್ಟಿಲ ಮೇಲೆ ಕುಳಿತು ಕೈ ಚಾಚಿದರೆ ಮೊಣಕಾಲಿಗೆ ನೋವಿಲ್ಲದೆ ಸಿಗುತ್ತಿದ್ದದ್ದು ಎಡಗಡೆಯ ಹಿಂದಿನ ಕಮಾನು ಒಂದೇ. ಹೊಲಕ್ಕೆ ಹೋಗುವ ಅವರ ದಾರಿಯನ್ನು ಅವರ ಉಪ್ಪೇ ತಿಂದಿತ್ತು.

ನಾನು ನಕ್ಕುಬಿಟ್ಟೆ. ಬೇಕೆಂದು ನಕ್ಕದ್ದಲ್ಲ. ಆ ಮುದ್ದೆಗೆ ಜೋತುಬಿದ್ದು ಅಂಗೈ ಸುಲಿದಿತ್ತು, ತಮ್ಮನ ಮೀಸೆ ಕೆಂಪಾಗಿತ್ತು, ನಗು ಎಲ್ಲಿಂದಲೋ ಬಂತು, ನಿಲ್ಲಲಿಲ್ಲ. ಗೌರೀಶನೂ ಸೇರಿಕೊಂಡ. ನಾವು ಕಣ್ಣು ಒರೆಸಿಕೊಂಡು ನೋಡಿದರೆ ಕಟ್ಟೆಯ ಮೇಲೆ ಶೇಂಗಾದ ಮೊರ ಮಾತ್ರ ಇತ್ತು. ಅತ್ತೆ ಗೋಡೆ ಹಿಡಿದುಕೊಂಡು ಒಳಗೆ ಹೋಗಿದ್ದರು.

ಮಧ್ಯಾಹ್ನ ಉಣ್ಣಲಿಲ್ಲ. ಸಂಜೆ ಮಗ ಕರೆದರೂ ಎದ್ದು ಬರಲಿಲ್ಲ. ಕೊನೆಗೆ ನಾನು ಹೋಗಿ ಕರೆದಾಗ ಗೋಡೆಯ ಕಡೆ ತಿರುಗಿಯೇ ಹೇಳಿದರು.

"ನೀವ ಹೋಗಿ ಬರ್ರಿ. ನನ್ನ ಕೈಲೆ ಹಾಳಾದ ಗಾಡ್ಯಾಗ ನಾ ಹತ್ತಂಗಿಲ್ಲ. ಡಬ್ಬಿ ಕೊಡತೇನಿ, ಒಯ್ರಿ."

ಆ ಡಬ್ಬಿಯ ಮಾತು ಅವರ ಬಾಯಿಂದಲೇ ಬಂತು. ಬೈದಿದ್ದರೆ ನಾನೂ ಎರಡು ಮಾತು ತಿರುಗಿಸಿ ಹೇಳಿ ಹಗುರಾಗುತ್ತಿದ್ದೆ. ಮಗನ ಜೀವ ಕಾಯುತ್ತಿದ್ದೇನೆ ಎಂದುಕೊಂಡು ಅಷ್ಟು ವರ್ಷ ಕದ್ದುಮುಚ್ಚಿ ಕಟ್ಟಿದ ಗಂಟುಗಳು ಅವು. ಅದನ್ನು ಕಂಡು ನಾವು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಕ್ಷಮಿಸಿ ಎಂದರೆ ಇನ್ನೂ ದೂರ ಸರಿಯುವ ಹೆಂಗಸು ಅವರು. ಅದನ್ನು ಬಲ್ಲ ನಾನು ರೊಟ್ಟಿ, ಬದನೆಕಾಯಿ ಪಲ್ಯದ ತಾಟು ಅವರ ಪಕ್ಕ ಇಟ್ಟು ಕುಳಿತೆ.

ಉಪ್ಪು ಕಟ್ಟುವುದನ್ನು ಬಿಡುವ ಹಾಗಿಲ್ಲ ಎಂದೆ. ಇವರು ದಿನ ಬೆಳಗಾದರೆ ಗಾಡಿ ಹತ್ತುವವರು, ಊರ ಕಣ್ಣೆಲ್ಲ ಗಾಡಿಯ ಮೇಲೆಯೇ ಇದೆ, ಅದರಲ್ಲೂ ಎತ್ತರವಾದ ಮೇಲೆ ಕೇಳುವುದೇ ಬೇಡ. ಕಟ್ಟುವುದು ಕಟ್ಟಬೇಕು, ಜಾಗ ಮಾತ್ರ ಬೇರೆ ಆಗಬೇಕು. ಅತ್ತೆ ಅರ್ಧ ತಿರುಗಿದರು. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಟ್ಟೋಣವೇ ಎಂದು ಕೇಳಿದೆ. ಪ್ಲಾಸ್ಟಿಕ್ಕಿನೊಳಗೆ ದೃಷ್ಟಿ ಹೇಗೆ ಹೊಗುತ್ತದೆ, ಹೊರಗೇ ನಿಲ್ಲುತ್ತದೆ ಎಂದರು. ಡಬ್ಬಿ ಎನ್ನಲು ಹೋಗಿ ನಾಲಿಗೆ ಕಚ್ಚಿಕೊಂಡೆ. ಅವರೇ ಎದ್ದು ಕುಳಿತರು. ಕಪಾಟಿನ ಮೇಲಿನ ಸಣ್ಣ ಗಾಜಿನ ಬಾಟಲಿ ತೋರಿಸಿದರು.

"ಗಾಜ ಆದ್ರ ನಡೀತೈತಿ. ನೋಡಿದವ್ರ ಕಣ್ಣ ಸೀದಾ ಉಪ್ಪಿಗೇ ಬೀಳತೈತಿ."

ನಾನು ಅದಕ್ಕಿಂತ ಒಳ್ಳೆಯ ವಾದವನ್ನು ವಕೀಲರ ಬಾಯಲ್ಲೂ ಕೇಳಿಲ್ಲ. ಬಾಟಲಿಯಲ್ಲಿ ಉಪ್ಪು, ಮೆಣಸಿನಕಾಯಿ ತುಂಬಿ ಬಿರಡೆ ಬಿಗಿದು, ಡ್ರೈವರ್ ಸೀಟಿನ ಮುಂದೆ ಕಟ್ಟುವುದೆಂದು ಇಬ್ಬರೂ ಒಪ್ಪಿದೆವು. ಅವರು ತಾಟು ಎಳೆದುಕೊಂಡರು. ಪಲ್ಯಕ್ಕೆ ಉಪ್ಪು ಕಡಿಮೆ ಎಂದರು. ಬರುತ್ತೀರಲ್ಲ ಎಂದು ಕೇಳಿದೆ. ಗಾಡಿ ಮೊದಲು ಚಕ್ರದ ಮೇಲೆ ನಿಲ್ಲಲಿ ನೋಡೋಣ ಎಂದರು. ಅವರ ಬಾಯಲ್ಲಿ ಅದು ಬರುತ್ತೇನೆ ಎಂದ ಹಾಗೆ.

ಮರುದಿನ ಗೌರೀಶ ಬೋಲ್ಟಿನ ಜೊತೆ ಹೋರಾಡುವುದನ್ನು ಬಿಟ್ಟು ಗರಗಸದ ಬ್ಲೇಡು ಹಿಡಿದ. ಸಂದಿ ಎಷ್ಟು ಕಿರಿದಾಗಿತ್ತೆಂದರೆ ಚೌಕಟ್ಟು ಒಳಗೆ ಹೋಗುತ್ತಿರಲಿಲ್ಲ. ಬ್ಲೇಡಿಗೆ ಬಟ್ಟೆ ಸುತ್ತಿ ಬರಿಗೈಯಲ್ಲಿ ಕೊಯ್ಯಬೇಕು. ಅವನು ದಣಿದಾಗ ನಾನು, ನಾನು ದಣಿದಾಗ ನಮ್ಮವರು. ಟೈರಿನೊಂದಿಗೆ ಬಂದಿದ್ದ ನಮ್ಮವರಿಗೆ ಕೈಯಲ್ಲಿ ಕೆಲಸ ಸಿಕ್ಕಿದ್ದೇ ಹಬ್ಬವಾಗಿತ್ತು. ಬೋಲ್ಟು ತುಂಡಾಗಿ ಕಮಾನು ಧೊಪ್ಪೆಂದು ನೆಲಕ್ಕೆ ಬಿದ್ದಾಗ, ಅದನ್ನು ತಾವೇ ಕೆಡವಿದವರಂತೆ ಊರ ಕಡೆ ನೋಡಿದರು. ಬೀಳುವ ಹೊತ್ತಿಗೆ ಬ್ಲೇಡು ಅವರ ಕೈಯಲ್ಲಿದ್ದದ್ದು ನಿಜ, ಹಾಗಾಗಿ ನಾನು ಏನೂ ಅನ್ನಲಿಲ್ಲ.

ಪಟ್ಟಿಗಳು ಬೈಲಹೊಂಗಲಕ್ಕೆ ಹೋಗಿ ಬಾಗಿ ಬಂದವು. ಹೊಸ ಕೊಂಡಿ, ಉದ್ದನೆಯ ಯೂ ಬೋಲ್ಟು, ಗ್ರೀಸು ಎಲ್ಲ ಬಂತು. ಅಮಾವಾಸ್ಯೆಯ ಹಿಂದಿನ ದಿನ ದಿಮ್ಮಿಗಳನ್ನು ತೆಗೆದು ಜಾಕು ಇಳಿಸಿದಾಗ ಗಾಡಿ ಇಳಿಯಲೇ ಇಲ್ಲವೇನೋ ಎನ್ನುವಷ್ಟು ಎತ್ತರದಲ್ಲಿ ನಿಂತಿತು. ಕೋಳಿಗಳು ತಲೆ ಬಗ್ಗಿಸದೆ ಅಡಿಯಲ್ಲಿ ಓಡಾಡಿದವು. ಗೌರೀಶ ದೂರ ಹೋಗಿ, ಕೆಳಗೆ ಕುಳಿತು, ಓರೆಯಾಗಿ ಎಲ್ಲ ನೋಡಿದ. ನಮ್ಮವರು ಹಾದಿಯಲ್ಲಿ ಹೋಗುವವರನ್ನು ಕರೆಕರೆದು ತೋರಿಸಿದರು. ನನಗೂ ಹೆಮ್ಮೆಯಾಗಿತ್ತು, ಸುಳ್ಳು ಯಾಕೆ ಹೇಳಲಿ. ನಮ್ಮಲ್ಲಿ ಒಬ್ಬರಿಗೂ ಮುಖ್ಯವಾದದ್ದು ಹೊಳೆದಿರಲಿಲ್ಲ.

ಎಳ್ಳಮಾಸಿಯ ಬೆಳಿಗ್ಗೆ ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಶೇಂಗಾ ಹೋಳಿಗೆ, ಕಡಬು, ಪುಂಡಿಪಲ್ಯ, ಎಣ್ಣೆಗಾಯಿ, ಮೊಸರು ಬಾನ ಎಲ್ಲ ಬುಟ್ಟಿಗೆ ತುಂಬಿದ್ದಾಯಿತು. ಅತ್ತೆ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ಗಾಡಿಯ ಮುಂದಿನ ಬಾಗಿಲಿಗೆ ಬಂದು ನಿಂತರು. ಬಾಗಿಲ ಹಿಡಿಕೆ ಹಿಡಿದು ಕಾಲು ಎತ್ತಿದರು. ಪಾದ ಹಲಗೆಯ ಹತ್ತಿರಕ್ಕೂ ಹೋಗಲಿಲ್ಲ. ಇನ್ನೊಂದು ಕಾಲು ಎತ್ತಿ ನೋಡಿದರು. ಅದು ಇನ್ನೂ ಕಡಿಮೆ ಎದ್ದಿತು.

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಗಾಡಿ ಹೊಲ ಮುಟ್ಟುವಂತೆ ಮಾಡಿದ್ದೆವು, ಅತ್ತೆಗೆ ಗಾಡಿಯೇ ಎಟುಕದಂತೆ ಮಾಡಿದ್ದೆವು. ನಮ್ಮವರು ಸ್ಟೂಲು ತಂದಿಟ್ಟರು. ಅದರ ಮೇಲೆ ಹತ್ತುವುದಕ್ಕೆ ಇನ್ನೊಂದು ಸ್ಟೂಲು ಬೇಕಿತ್ತು, ಅಷ್ಟೇ ಅಲ್ಲ, ಅದರ ಒಂದು ಕಾಲು ಅಲ್ಲಾಡುತ್ತಿತ್ತು. ಮಗ ಎತ್ತಲು ಕೈ ಮುಂದೆ ಚಾಚಿದರು. ಅತ್ತೆ ನೋಡಿದ ನೋಟಕ್ಕೆ ಕೈ ಹಿಂದಕ್ಕೆ ಬಂತು. ನಾನು ಒಳಗೆ ಹೋಗಿ ಡಬ್ಬಿ ತರಬೇಕಾಗುತ್ತದೇನೋ ಎಂದು ಅಳು ಬರುವಂತಾಯಿತು.

ಅತ್ತೆ ಗಾಡಿಯನ್ನು ಮುಂದಿನಿಂದ ಹಿಂದಿನವರೆಗೆ ಒಮ್ಮೆ ನೋಡಿದರು. ಆಮೇಲೆ ಮನೆಯ ಕಡೆ ತಿರುಗಿದರು.

"ವಿರೂಪಾಕ್ಷ, ಗಾಡಿ ಹಿಂದಕ್ಕ ತಗೊಂಡ ಮನಿ ಕಟ್ಟಿಗೆ ಹಚ್ಚು."

ಹಿಂದಿನ ಹಲಗೆ ಬಿಚ್ಚಿ ಗಾಡಿಯನ್ನು ಕಟ್ಟೆಗೆ ಹಚ್ಚಿದಾಗ ಅದರ ತಳವೂ ಕಟ್ಟೆಯೂ ಸರಿಸಮ ಬಂದವು. ಮೊದಲಿನ ಕುಸಿದ ಗಾಡಿಯಾಗಿದ್ದರೆ ಒಂದು ಗೇಣು ಕೆಳಗಿರುತ್ತಿತ್ತು. ಕಟ್ಟೆಯ ಮೆಟ್ಟಿಲನ್ನು ದಿನವೂ ಹತ್ತಿ ಅಭ್ಯಾಸವಿದ್ದ ಅತ್ತೆ, ಪಡಸಾಲೆಯಿಂದ ಅಡುಗೆಮನೆಗೆ ಹೋದ ಹಾಗೆ ನಡೆದು ಗಾಡಿಯೊಳಗೆ ಬಂದರು. ತಾವೇ ಸುತ್ತಿ ಕಟ್ಟಿಟ್ಟಿದ್ದ ಜಮಖಾನದ ದಪ್ಪ ಸುರುಳಿಯನ್ನು ಹಾಕಿಸಿಕೊಂಡು ಅದರ ಮೇಲೆ ಕುಳಿತರು. ನಾನು ಬುಟ್ಟಿಗಳ ಜೊತೆ ಅವರ ಪಕ್ಕ ಕುಳಿತೆ, ಗಂಡಸರು ಮುಂದೆ. ಊರೊಳಗೆ ಹೋಗುವಾಗ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವವರು ಕೂಡ ನಮಗೆ ಸಮವಾಗಿ ಕಂಡರು. ಅತ್ತೆ ಎಲ್ಲರನ್ನೂ ಹೆಸರು ಹಿಡಿದು ಕರೆದು, ಹೊಲಕ್ಕೆ ಹೊರಟಿದ್ದೇನೆ ಎಂದು ಹೇಳಿದರು. ಯಾರೂ ಕೇಳಿರಲಿಲ್ಲ.

ದಿಬ್ಬದ ದಾರಿ ಬಂತು. ನಮ್ಮವರು ಗೇರು ಇಳಿಸಿದರು. ಅತ್ತೆ ನನ್ನ ಕೈ ಹಿಡಿದುಕೊಂಡರು. ಸೈಲೆನ್ಸರ್ ಬಿದ್ದಿದ್ದ ಜಾಗ ದಾಟಿತು. ಚಕ್ರ ಗಾಳಿಯಲ್ಲಿ ತಿರುಗಿದ್ದ ಜಾಗ ಬಂದಾಗ ಇಬ್ಬರೂ ಕೆಳಗೆ ಕಿವಿಗೊಟ್ಟೆವು. ಒಣ ಹುಲ್ಲು ಹೊಟ್ಟೆಗೆ ಸವರಿದ ಸದ್ದು ಬಂತು, ಇನ್ನೇನೂ ಇಲ್ಲ. ಮುಂದಿನಿಂದ ಗೌರೀಶ ಗಾಡಿಯ ಮೈ ಚಪ್ಪರಿಸಿದ. ಅತ್ತೆ ನನ್ನ ಕೈ ಬಿಟ್ಟು ಕಣ್ಣೊರೆಸಿಕೊಂಡರು, ಧೂಳು ಎಂದರು. ಧೂಳು ಇರಲಿಲ್ಲ, ನನಗೂ ಕಣ್ಣು ತುಂಬಿತ್ತು.

ಹೊಲದಲ್ಲಿ ಗುಡಿಸಲು ಹಾಕಿಕೊಂಡು ಬೆಳೆ ಕಾಯುವ ಮಾಳಪ್ಪ ಮತ್ತು ಅವನ ಹೆಂಡತಿ ಮುದಕವ್ವ ಓಡಿ ಬಂದರು. ಇಳಿಯುವುದು ಕಷ್ಟವಾಗಲಿಲ್ಲ. ಅತ್ತೆ ಗಾಡಿಯ ಅಂಚಿಗೆ ಕುಳಿತು, ಮುದಕವ್ವನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಜಾರಿದರು. ಕರಿ ನೆಲಕ್ಕೆ ಕಾಲು ಊರಿ ಸ್ವಲ್ಪ ಹೊತ್ತು ಹಾಗೇ ನಿಂತರು. ಆಮೇಲೆ ಜೋಳದ ಒಂದು ದಂಟನ್ನು ಹಿಡಿದು ಬಗ್ಗಿಸಿ, ಸುಳಿ ನೋಡಿ, ಈ ಸಲ ತೆನೆ ಚೆನ್ನಾಗಿ ಬರುತ್ತದೆ ಎಂದರು. ಪೂಜೆಯಾಯಿತು. ಅತ್ತೆ ಬುಟ್ಟಿಗೆ ಕೈಹಾಕಿ ಮೊದಲ ಮುಷ್ಟಿ ಎತ್ತಿ, ಬನ್ನಿಗಿಡದ ಬುಡದಲ್ಲಿ ನಿಂತು ಹುಲ್ಲುಲ್ಲಿಗ್ಯೋ ಎಂದು ಚರಗದ ಕೂಗು ಹಾಕಿ ಬೆಳೆಯ ಮೇಲೆ ಚೆಲ್ಲಿದರು. ಆ ದನಿ ಪಕ್ಕದ ಹೊಲದವರಿಗೂ ಕೇಳಿ, ಅಲ್ಲಿಂದ ಯಾರೋ ಮರುದನಿ ಕೊಟ್ಟರು. ಅಷ್ಟು ಗಟ್ಟಿಯಾದ ಕೂಗು ಅವರ ಗಂಟಲಲ್ಲಿ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಉಂಡು, ಎಲೆ ಅಡಿಕೆ ಹಾಕಿಕೊಂಡು, ಹಸಿ ಕಡಲೆ ಸುಲಿದು ತಿಂದು, ಹೊತ್ತು ಇಳಿದದ್ದೇ ತಿಳಿಯಲಿಲ್ಲ. ಹೊರಡೋಣ ಎಂದು ನಮ್ಮವರು ಗಾಡಿ ಚಾಲೂ ಮಾಡಿ ಹಿಂದಿನ ಹಲಗೆ ಬಿಚ್ಚಿದರು. ಬಿಚ್ಚಿದವರು ಹಾಗೇ ನಿಂತರು. ಹೊಲದಲ್ಲಿ ಕಟ್ಟೆ ಎಲ್ಲಿಂದ ಬರಬೇಕು?

ಗೌರೀಶ ಗುಡಿಸಲಿನಲ್ಲಿ ಮಲಗುವ ಹಗ್ಗದ ಹೊರಸು ತಂದು ಆನಿಸಿ ನೋಡಿದ, ಅದು ಜೋಲು ಹೊಡೆಯಿತು. ಮಾಳಪ್ಪ ಕಲ್ಲು ಹೊಂದಿಸುತ್ತೇನೆ ಎಂದ, ಎರೆಹೊಲದಲ್ಲಿ ಪಾಂಡವರನ್ನು ಬಿಟ್ಟರೆ ಬೇರೆ ಕಲ್ಲಿರಲಿಲ್ಲ. ಅತ್ತೆ ಈ ಗಡಿಬಿಡಿಯಲ್ಲಿ ಸೇರಲಿಲ್ಲ. ಬನ್ನಿಗಿಡದ ಕೆಳಗೆ ಕಾಲು ಚಾಚಿ ಕುಳಿತು, ಜಮಖಾನದ ಸುರುಳಿ ತರಿಸಿಕೊಂಡು ಅರ್ಧ ಬಿಚ್ಚಿದರು. ಒಳಗೆ ಕೌದಿಯೊಂದು ಇತ್ತು.

"ನೀವ ಹೋಗ್ರಿ. ನಾ ಇವತ್ತ ಇಲ್ಲೇ ವಸ್ತಿ. ಹಿಂದಕ ನಾನೂ ನಿಮ್ಮಪ್ಪನೂ ಎಳ್ಳಮಾಸಿಗೆ ಬಂದ್ರ ಮನಿಗೆ ಎಲ್ಲಿ ಹೋಗತಿದ್ವಿ? ಜ್ವಾಳದಾಗ ಮಲಗಿ ಹೋಗತಿದ್ವಿ."

ನಮ್ಮವರು ಅಮಾವಾಸ್ಯೆ ರಾತ್ರಿ, ಚಳಿ, ಹಾವು, ಹುಳ ಎಂದು ಒಂದೊಂದೇ ಹೇಳಿದರು. ಮುದಕವ್ವ ಬೆಚ್ಚಗೆ ಮಲಗಿಸುತ್ತೇನೆ ಎಂದಳು. ಆಗಲೇ ನನಗೆ ಹಳ್ಳದ ಕಡೆಯ ಒಡ್ಡು ಕಣ್ಣಿಗೆ ಬಿತ್ತು. ನೀರು ತಡೆಯಲು ಎತ್ತರಕ್ಕೆ ಹಾಕಿದ ಗಟ್ಟಿ ಮಣ್ಣಿನ ಒಡ್ಡು, ಒಂದು ತುದಿಯಲ್ಲಿ ಇಳಿಜಾರು. ಅತ್ತೆ ಮೆಲ್ಲಗೆ ಅದರ ಮೇಲೆ ನಡೆದು ಹೋದರೆ, ಗಾಡಿಯನ್ನು ಹಿಂದಕ್ಕೆ ತಂದು ಹಚ್ಚಿದರೆ, ಮನೆಯ ಕಟ್ಟೆಗಿಂತ ಸಲೀಸಾಗಿ ಹತ್ತಬಹುದಿತ್ತು. ಇಂಥದ್ದು ಹೊಳೆದಾಗ ಸುಮ್ಮನಿರುವುದು ನನ್ನ ಜಾಯಮಾನದಲ್ಲೇ ಇಲ್ಲ. ಬಾಯಿ ತೆರೆದೂ ಆಗಿತ್ತು. ಅತ್ತೆ ನನ್ನ ಕಡೆ ನೋಡುತ್ತಿದ್ದರು. ಒಡ್ಡನ್ನು ಅವರು ನನಗಿಂತ ಮೊದಲೇ ನೋಡಿದ್ದರು. ನಲವತ್ತು ವರ್ಷ ಅದರ ಮೇಲೆ ಓಡಾಡಿದವರು.

"ರಾಜಿ, ನೀನರ ಏನಾರ ಹೇಳ," ಎಂದು ನಮ್ಮವರು ನನ್ನ ಕಡೆ ತಿರುಗಿದರು, "ಹತ್ಸೋದು ಹ್ಯಾಂಗ?"

"ನನಗೇನೂ ಹೊಳೀವಲ್ದರಿ," ಎಂದೆ.

ಮದುವೆಯಾದಂದಿನಿಂದ ನನ್ನ ಬಾಯಲ್ಲಿ ಆ ಮಾತು ಕೇಳಿರದ ನಮ್ಮವರು ನಿಜವಾಗಿಯೂ ಗಾಬರಿಯಾದರು. ಬೆಳಿಗ್ಗೆ ಸ್ಟೂಲು, ಹಲಗೆ ಎಲ್ಲ ತರುತ್ತೇವೆ, ಏನಾದರೂ ಮಾಡೋಣ ಎಂದು ಗೌರೀಶನನ್ನು ಕರೆದುಕೊಂಡು ಹೊರಟರು. ಅವ್ವನ ಹತ್ತಿರ ನೀನು ಇರುತ್ತೀಯಾ ಎಂದು ಕೇಳಿದರು, ಇರುತ್ತೇನೆ ಎಂದೆ. ಹೊದೆಯಲು ಒಂದೇ ಕೌದಿ ಇದೆಯಲ್ಲ ಎಂದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಗಾಡಿ ದಿಬ್ಬದ ಮೇಲೆ ಸದ್ದಿಲ್ಲದೆ ದಾಟಿ ಊರ ಕಡೆ ಹೋಯಿತು.

ಹೊತ್ತು ಮುಳುಗಿ ತಣ್ಣನೆಯ ಗಾಳಿ ಬೀಸಿತು. ನಾನು ಸೆರಗು ಹೊದ್ದು ಕುಳಿತೆ. ಅತ್ತೆ ಜಮಖಾನದ ಸುರುಳಿಯನ್ನು ಕೊನೆಯವರೆಗೂ ಬಿಚ್ಚಿ, ಅದರೊಳಗಿಂದ ಇನ್ನೊಂದು ಕೌದಿ ತೆಗೆದು ನನ್ನ ತೊಡೆಯ ಮೇಲೆ ಹಾಕಿದರು.